ವಾಪಸ್ ಬರುವವರಿಗೆ: ಮೊದಲು ಒಂದು ಫೋನ್ ನಂಬರು

ಕಳೆದ ವಾರ ಅಂಚೆಯಲ್ಲಿ ಮಗಳ ಆಧಾರ್ ಕಾರ್ಡ್ ಬಂತು. ಅಮೆರಿಕ ಬಿಟ್ಟು ಬೆಂಗಳೂರಿಗೆ ಬರುವ ಕೆಲಸ ನಮ್ಮ ಮಟ್ಟಿಗೆ ಅಲ್ಲಿಗೆ ಪೂರ್ತಿ ಮುಗಿಯಿತು. ವಿಮಾನ ಇಳಿದಿದ್ದು 2025ರ ಜೂನ್ ಮೊದಲ ವಾರದಲ್ಲಿ. ಈ ಏಳು ತಿಂಗಳಲ್ಲಿ ಎಷ್ಟು ಕೌಂಟರ್ ಮುಂದೆ ನಿಂತೆ, ಎಷ್ಟು ಜೆರಾಕ್ಸ್ ಮಾಡಿಸಿದೆ ಅನ್ನುವ ಲೆಕ್ಕ ಇಟ್ಟಿಲ್ಲ. ಒಂದು ಮಾತನ್ನು ಯಾರಾದರೂ ಮೊದಲೇ ಹೇಳಿದ್ದರೆ ಅದರಲ್ಲಿ ಅರ್ಧ ಅಲೆದಾಟ ತಪ್ಪುತ್ತಿತ್ತು. ಅದನ್ನು ಶುರುವಿನಲ್ಲೇ ಹೇಳಿಬಿಡುತ್ತೇನೆ. ಟಿಕೆಟ್ ತೆಗೆಯುವ ಮುಂಚೆ, ಪೆಟ್ಟಿಗೆ ಕಟ್ಟುವ ಮುಂಚೆ, ನಿಮ್ಮ ಆಧಾರ್‌ಗೆ, ಬ್ಯಾಂಕಿಗೆ, ಪ್ಯಾನ್‌ಗೆ ಯಾವ ಫೋನ್ ನಂಬರ್ ಕೊಟ್ಟಿದ್ದೀರಿ ಅಂತ ನೋಡಿಕೊಳ್ಳಿ. ಆ ಸಿಮ್ ಈಗ ಯಾರ ಕೈಯಲ್ಲಿದೆ ಅಂತಲೂ ನೋಡಿಕೊಳ್ಳಿ.

ನಾನು ಕೊಟ್ಟಿದ್ದು ಅಪ್ಪನ ನಂಬರು.

ನಾನು ಹನುಮಂತನಗರದಲ್ಲಿ ಬೆಳೆದವಳು. 2010ರ ಆಗಸ್ಟ್‌ನಲ್ಲಿ ಎಚ್‌-1ಬಿ ವೀಸಾ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋದೆ. ಆಗ ಬೆಂಗಳೂರಲ್ಲಿ ಮೆಟ್ರೊ ಇನ್ನೂ ಓಡುತ್ತಿರಲಿಲ್ಲ. ದೇಶದ ಮೊದಲ ಆಧಾರ್ ಸಂಖ್ಯೆ ಕೊಟ್ಟಿದ್ದು ನಾನು ಹೋದ ಮುಂದಿನ ತಿಂಗಳು, ಸೆಪ್ಟೆಂಬರ್ 29ಕ್ಕೆ. ಯುಪಿಐ ಶುರುವಾಗಿದ್ದು 2016ರಲ್ಲಿ. ಇವತ್ತು ಇಲ್ಲಿನ ದಿನದ ಬದುಕು ಯಾವುದರ ಮೇಲೆ ನಡೆಯುತ್ತಿದೆಯೋ ಅದೆಲ್ಲ ನಾನಿಲ್ಲದಾಗ ಬಂದದ್ದು. 2014ರ ಡಿಸೆಂಬರ್‌ನಲ್ಲಿ ಮೂರು ವಾರ ರಜೆಗೆ ಬಂದಿದ್ದೆ. ಅಪ್ಪ ಒಂದು ದಿನ ಬೆಳಿಗ್ಗೆ ಬೇಗ ಎಬ್ಬಿಸಿ, "ಬಾ, ಆಧಾರ್ ಮಾಡಿಸಿಬಿಡೋಣ, ಮುಂದೆ ಬೇಕಾಗುತ್ತೆ" ಅಂತ ಕರೆದುಕೊಂಡು ಹೋದರು. ಕೌಂಟರಿನವರು ಮೊಬೈಲ್ ನಂಬರ್ ಕೇಳಿದರು. ನನ್ನದು ಅಮೆರಿಕದ ನಂಬರು, ಅದು ಆಗಲ್ಲ ಅಂದರು. ಅಪ್ಪ ತಮ್ಮದನ್ನೇ ಹೇಳಿದರು. ಬ್ಯಾಂಕಿನ ಖಾತೆಗೂ ಅದೇ ನಂಬರು, ಪ್ಯಾನ್‌ಗೂ ಅದೇ. ಆಗ ಅದು ಸಹಜ ಅನ್ನಿಸಿತ್ತು. ನನ್ನ ಇಲ್ಲಿನ ಕೆಲಸ ಎಲ್ಲ ಅವರೇ ನೋಡಿಕೊಳ್ಳುತ್ತಿದ್ದರು ಅಲ್ವಾ.

ಯಾಕೆ ವಾಪಸ್ ಬಂದಿರಿ ಅಂತ ಎಲ್ಲರೂ ಕೇಳುತ್ತಾರೆ. ಅಲ್ಲಿ ಕೆಲಸ ಚೆನ್ನಾಗಿತ್ತು. ಒಳ್ಳೆಯ ಜನರ ಜೊತೆ ಕಲಿತೆ, ಮೂರು ಬಡ್ತಿ ಸಿಕ್ಕಿತು. ಆದರೆ ಎಚ್‌-1ಬಿ ಮೂರು ಮತ್ತು ಮೂರು, ಒಟ್ಟು ಆರು ವರ್ಷ ಅಷ್ಟೆ. ಆಮೇಲೂ ಇರಬೇಕೆಂದರೆ ಗ್ರೀನ್ ಕಾರ್ಡಿನ ಸಾಲಲ್ಲಿ ನಿಂತಿರಬೇಕು, ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾಗಿರಬೇಕು. ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಒಂದು ದೇಶಕ್ಕೆ ಶೇಕಡಾ 7ರ ಮಿತಿ. ಭಾರತದಷ್ಟು ದೊಡ್ಡ ದೇಶಕ್ಕೂ ಅಷ್ಟೇ, ಸಣ್ಣ ದೇಶಕ್ಕೂ ಅಷ್ಟೇ. ಸಾಲಿನಲ್ಲಿ ನನ್ನ ದಿನಾಂಕ 2015ರ ಮಾರ್ಚ್. ಸಾಲು ಆ ದಿನಾಂಕ ದಾಟಿದರೆ ನನ್ನ ಸರದಿ. 2022ರ ಸೆಪ್ಟೆಂಬರ್‌ನಲ್ಲಿ ಇಬಿ-2 ಅನ್ನುವ ನಮ್ಮ ವರ್ಗದಲ್ಲಿ ಭಾರತದವರ ಸಾಲು 2014ರ ಡಿಸೆಂಬರ್‌ವರೆಗೆ ಬಂದಿತ್ತು. ಇನ್ನು ಮೂರೇ ತಿಂಗಳು ಅಂದುಕೊಂಡು ಮೆಡಿಕಲ್ ಪರೀಕ್ಷೆಗೆ ಯಾವ ಡಾಕ್ಟರ್ ಅಂತ ಹುಡುಕಿಟ್ಟಿದ್ದೆ. ಅಕ್ಟೋಬರ್‌ನಲ್ಲಿ ಅದು 2012ರ ಏಪ್ರಿಲ್‌ಗೆ ಹಿಂದೆ ಹೋಯಿತು. ನಾವು ಹೊರಡುವ ತಿಂಗಳು 2013ರ ಜನವರಿ 1ರಲ್ಲಿ ನಿಂತಿತ್ತು. ಬಡ್ತಿ ಸಿಕ್ಕ ದಿನ ಕೇಕ್ ಕತ್ತರಿಸಿದ್ದೇವೆ, ನಿಜ. ರಾತ್ರಿ ಮಲಗುವಾಗ ಮಾತ್ರ ಯೋಚನೆ, ಸಾಲು ಎಲ್ಲಿಗೆ ಬಂತು ಅಂತ ತಿಂಗಳಿಗೊಮ್ಮೆ ಹೇಳುವ ಮುಂದಿನ ವೀಸಾ ಬುಲೆಟಿನ್‌ದೇ. ಕೆಲಸ ಹೋದರೆ 60 ದಿನದೊಳಗೆ ಬೇರೆ ಕೆಲಸ ಹುಡುಕಬೇಕು, ಇಲ್ಲವಾದರೆ ಹೊರಡಬೇಕು. ಹದಿನೈದು ವರ್ಷ ಇದ್ದ ಊರಲ್ಲಿ ಒಂದು ಒಳ್ಳೆಯ ಸೋಫಾ ಕೊಳ್ಳಲೂ ಕೈ ಹಿಂಜರಿಯುತ್ತಿತ್ತು.

ನನ್ನ ಮನಸ್ಸು ಅಲ್ಲಿಂದ ಎದ್ದಿದ್ದು 2021ರ ಮೇ ತಿಂಗಳಲ್ಲಿ. ಕೊರೊನಾ ಎರಡನೇ ಅಲೆಯಲ್ಲಿ ಅಪ್ಪ ಆಸ್ಪತ್ರೆ ಸೇರಿದರು. ನನ್ನ ಪಾಸ್‌ಪೋರ್ಟ್‌ನಲ್ಲಿದ್ದ ವೀಸಾ ಮುದ್ರೆಯ ಅವಧಿ 2019ರಲ್ಲೇ ಮುಗಿದಿತ್ತು. ಹೊರಗಿನವರಿಗೆ ಇದು ಅರ್ಥವಾಗಲ್ಲ, ಹೇಳುತ್ತೇನೆ. ಅಲ್ಲಿ ಇರುವುದಕ್ಕೆ ಒಂದು ಕಾಗದ, ಹೊರಗೆ ಹೋಗಿ ಮತ್ತೆ ಒಳಗೆ ಬರುವುದಕ್ಕೆ ಇನ್ನೊಂದು. ಇರುವ ಕಾಗದ ಸರಿಯಾಗಿತ್ತು. ಒಳಗೆ ಬರುವ ಮುದ್ರೆ ಬೇಕೆಂದರೆ ಭಾರತದಲ್ಲಿರುವ ಅಮೆರಿಕದ ಕಾನ್ಸುಲೇಟ್‌ನಲ್ಲಿ ಹಾಕಿಸಬೇಕು. ಆ ತಿಂಗಳು ಅವರು ಮಾಮೂಲಿ ಅಪಾಯಿಂಟ್‌ಮೆಂಟ್ ಎಲ್ಲ ನಿಲ್ಲಿಸಿದ್ದರು. ಮೇ 4ರಿಂದ ಭಾರತದಿಂದ ಬರುವವರಿಗೆ ಅಮೆರಿಕ ನಿರ್ಬಂಧ ಹಾಕಿತು. ಅಲ್ಲಿ ಹುಟ್ಟಿದ ಮಕ್ಕಳ ತಂದೆ ತಾಯಿಗೆ ವಿನಾಯಿತಿ ಇತ್ತು, ಆದರೆ ಮುದ್ರೆ ಇಲ್ಲದೆ ಆ ವಿನಾಯಿತಿ ಇದ್ದೂ ಉಪಯೋಗವಿಲ್ಲ. ಹೋದರೆ ಐದು ವರ್ಷದ ಮಗಳನ್ನು ಬಿಟ್ಟು ಎಷ್ಟು ತಿಂಗಳು ಭಾರತದಲ್ಲೇ ಉಳಿಯಬೇಕೋ ಗೊತ್ತಿಲ್ಲ. "ಬರಬೇಡ ಮಗಳೇ, ನಾನು ಸರಿ ಹೋಗ್ತೀನಿ" ಅಂತ ಅಪ್ಪನೇ ಫೋನಲ್ಲಿ ಅಂದರು. ಅದೇ ನಂಬರಿನಿಂದ. ನಾನು ಹೋಗಲಿಲ್ಲ. ಅವರನ್ನು ಕಳಿಸಿಕೊಟ್ಟಿದ್ದನ್ನು ವಾಟ್ಸ್ಆ್ಯಪ್ ವಿಡಿಯೊದಲ್ಲಿ ನೋಡಿದೆ.

ಆಮೇಲೆ ಅಮ್ಮ ಒಬ್ಬರೇ. ನನ್ನ ಕಂಪನಿಗೆ ಬೆಂಗಳೂರಲ್ಲೂ ಆಫೀಸಿದೆ. ಕೇಳಿದೆ, ಒಪ್ಪಿದರು. ಸಂಬಳ ಅಲ್ಲಿನದರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಅಮ್ಮನ ಮನೆ ಇದೆ, ಬಾಡಿಗೆ ಇಲ್ಲ, ಸಾಕು.

ಹೊರಡುವ ಮೊದಲು ಅಲ್ಲಿ ಮಾಡಿಸಿಕೊಂಡಿದ್ದರಲ್ಲಿ ಮುಖ್ಯವಾದದ್ದು ಮಗಳ ಒಸಿಐ ಕಾರ್ಡ್, ಅಂದರೆ ಭಾರತೀಯ ಮೂಲದ ವಿದೇಶಿ ಪ್ರಜೆಗಳು ಇಲ್ಲಿ ವೀಸಾ ಇಲ್ಲದೆ ಇರಲು ಕೊಡುವ ಕಾರ್ಡು. ಅವಳು ಹುಟ್ಟಿದ್ದು ಅಲ್ಲಿ, ಅಮೆರಿಕದ ಪ್ರಜೆ. ಶುಲ್ಕ 275 ಡಾಲರ್. ನಮಗೆ ಎರಡೂವರೆ ತಿಂಗಳು ಹಿಡಿಯಿತು, ಹಾಗಾಗಿ ಆರು ತಿಂಗಳು ಮುಂಚೆ ಅರ್ಜಿ ಹಾಕಿದರೆ ನೆಮ್ಮದಿ. ಒಸಿಐ ಇದ್ದರೆ ಇಲ್ಲಿ ಎಫ್‌ಆರ್‌ಆರ್‌ಒ ಅನ್ನುವ ವಿದೇಶಿಯರ ಕಚೇರಿಗೆ ನೋಂದಣಿಗಾಗಿ ಓಡಾಡುವ ಕೆಲಸ ಇರಲ್ಲ. ಅವಳ ಜನನ ಪ್ರಮಾಣಪತ್ರಕ್ಕೆ ಅಪೋಸ್ಟಿಲ್, ಅಂದರೆ ಬೇರೆ ದೇಶದಲ್ಲೂ ಒಪ್ಪುವ ಸರ್ಕಾರಿ ದೃಢೀಕರಣ ಮಾಡಿಸಿ. ಅದನ್ನು ಕೊಡುವುದು ಆಯಾ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ಇಲ್ಲಿಗೆ ಬಂದ ಮೇಲೆ ಇಲ್ಲಿಂದ ಮಾಡಿಸುವುದು ತುಂಬಾ ಕಷ್ಟ. ಎರಡು ಪ್ರತಿ ಮಾಡಿಸಿ. ಅಲ್ಲಿನ ಶಾಲೆಯವರಿಗೆ ಟಿಸಿ ಅಂದರೆ ಏನು ಅಂತ ಗೊತ್ತಿರಲ್ಲ. ಇಂಥ ತರಗತಿ ಮುಗಿಸಿದ್ದಾಳೆ, ಕೊನೆಯ ದಿನ ಇಂಥದ್ದು ಅಂತ ಲೆಟರ್‌ಹೆಡ್ ಮೇಲೆ ಬರೆಸಿಕೊಂಡು, ಸಹಿ ಮತ್ತು ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಯಾಕೆ ಅಂತ ಅವರು ಕೇಳುತ್ತಾರೆ. ಪರವಾಗಿಲ್ಲ, ಹಾಕಿಸಿಕೊಳ್ಳಿ.

ಸಾಮಾನು ಹಡಗಿನಲ್ಲಿ ಬಂತು. ಚೆನ್ನೈ ಬಂದರು, ಅಲ್ಲಿಂದ ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋ. ಎರಡು ವರ್ಷಕ್ಕಿಂತ ಜಾಸ್ತಿ ಹೊರಗಿದ್ದು ವಾಪಸ್ ಬರುವವರಿಗೆ, ನಾವು ಬಂದಾಗಿನ ನಿಯಮದಲ್ಲಿ, ಬಳಸಿದ ಮನೆ ಸಾಮಾನಿಗೆ 5 ಲಕ್ಷ ರೂಪಾಯಿವರೆಗೆ ಸುಂಕ ಇರಲಿಲ್ಲ. ನೀವು ಬರುವಾಗಿನ ನಿಯಮ ನೋಡಿಕೊಳ್ಳಿ. ಹಳೆಯ ಪಾಸ್‌ಪೋರ್ಟ್‌ಗಳನ್ನೆಲ್ಲ ಕೈಚೀಲದಲ್ಲೇ ಇಟ್ಟುಕೊಳ್ಳಿ, ಎಷ್ಟು ದಿನ ಹೊರಗಿದ್ದಿರಿ ಅಂತ ಅದರಿಂದಲೇ ತೋರಿಸಬೇಕು. ನನ್ನ ಒಂದು ಹಳೆಯ ಪಾಸ್‌ಪೋರ್ಟ್ ಅದೇ ಕಂಟೇನರ್ ಒಳಗಿನ ಡಬ್ಬದಲ್ಲಿತ್ತು. ಅದರಿಂದ ನಾಲ್ಕು ದಿನ ತಡವಾಯಿತು.

ಬಂದ ಮೂರನೇ ದಿನ ಅಮ್ಮನ ಜೊತೆ ಗಾಂಧಿ ಬಜಾರ್‌ಗೆ ಹೋದೆ. ಮಲ್ಲಿಗೆ ಒಂದು ಮೊಳ, ಕೊತ್ತಂಬರಿ ಎರಡು ಕಟ್ಟು. ನನ್ನ ಹತ್ತಿರ 500ರ ನೋಟಿತ್ತು. "ಚಿಲ್ಲರೆ ಇಲ್ಲಮ್ಮ, ಸ್ಕ್ಯಾನ್ ಮಾಡ್ಬಿಡಿ" ಅಂದರು ಹೂವಿನವರು. ನನ್ನ ಫೋನಲ್ಲಿ ಅದಿರಲಿಲ್ಲ. ಅಮ್ಮ ಪರ್ಸಿನಿಂದ ಚಿಲ್ಲರೆ ತೆಗೆದು ಕೊಟ್ಟರು. ಹಾಲಿನವರಿಗೂ ಅಮ್ಮ, ಆಟೊಗೂ ಅಮ್ಮ. ಮಗಳಿಗೆ ಐಸ್‌ಕ್ರೀಮ್ ಕೊಡಿಸಲೂ ಅಮ್ಮನನ್ನೇ ಕೇಳಬೇಕು. ನಲವತ್ತೆರಡನೇ ವಯಸ್ಸಿನಲ್ಲಿ ಮತ್ತೆ ಕಾಲೇಜಿನ ದಿನಕ್ಕೆ ಬಂದ ಹಾಗಾಯಿತು.

ಸಿಮ್ ಸುಲಭ. ಅಂಗಡಿಯಲ್ಲಿ ಆಧಾರ್ ಸಂಖ್ಯೆ ಹೇಳಿ ಬೆರಳಿಟ್ಟೆ, ಸಂಜೆಯೊಳಗೆ ಶುರುವಾಯಿತು. ಇನ್ನು ಎಲ್ಲ ಬೇಗ ಆಗುತ್ತೆ ಅಂದುಕೊಂಡೆ. ಬ್ಯಾಂಕಿನ ಆ್ಯಪ್ ತೆರೆದರೆ, "ನೋಂದಾಯಿತ ನಂಬರಿಗೆ ಒಟಿಪಿ ಕಳಿಸಲಾಗಿದೆ." ಆಧಾರ್‌ನಲ್ಲಿ ನಂಬರ್ ಬದಲಿಸೋಣ ಅಂತ ವೆಬ್‌ಸೈಟ್ ತೆರೆದರೆ ಅಲ್ಲೂ ಒಟಿಪಿ. ಆದಾಯ ತೆರಿಗೆಯ ಖಾತೆಯಲ್ಲೂ ಅದೇ. ಎಲ್ಲವೂ ಅಪ್ಪನ ನಂಬರಿಗೆ ಹೋಗುತ್ತಿತ್ತು.

ಅಪ್ಪ ಹೋದ ಮೇಲೆ ಅಮ್ಮ ಆ ಸಿಮ್‌ಗೆ ಕರೆನ್ಸಿ ಹಾಕಿಸಿರಲಿಲ್ಲ. ಯಾರಿಗೆ ಹಾಕಿಸಬೇಕು ಅಂತ ತೋಚಬೇಕಲ್ಲ. ಹಾಗೆ ನಿಂತ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಗಳು ಬೇರೆಯವರಿಗೆ ಕೊಡಬಹುದು. ನನಗದು ಗೊತ್ತಿರಲಿಲ್ಲ. ಅಂದು ರಾತ್ರಿ ಎಲ್ಲ ಮಲಗಿದ ಮೇಲೆ ಆ ನಂಬರಿಗೆ ಫೋನ್ ಮಾಡಿದೆ. ರಿಂಗ್ ಆಯಿತು. ಎದೆ ಹೊಡೆದುಕೊಳ್ಳುತ್ತಿತ್ತು.

"ಹಲೋ, ಯಾರ್ ಬೇಕಾಗಿತ್ರೀ?" ಹುಡುಗಿಯ ದನಿ. ಗದಗದ ಕಡೆಯವಳಂತೆ, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕೆಲಸ. ವಿಷಯ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಕ್ಕಾ, ಅವರು ನಿಮ್ಮಪ್ಪಾರೇನ್ರೀ? ಈ ನಂಬರ್ ತಗೊಂಡ ಹೊಸದರಾಗ ಭಾಳ ಮಂದಿ ಫೋನ್ ಮಾಡಿ ಅವರನ್ನ ಕೇಳ್ತಿದ್ರು. ಒಬ್ಬರು ಅಜ್ಜಾರು ಅಂತೂ ಮೂರು ಸಲ ಮಾಡಿದ್ರು. ನಂಗೂ ಏನ್ ಹೇಳ್ಬೇಕು ತಿಳೀತಿರಲಿಲ್ರೀ" ಅಂದಳು. ಆಮೇಲೆ, "ನಿಮ್ಮ ಬ್ಯಾಂಕಿನ ನಂಬರ್ ಬಂದಾವ್ರೀ ಇವತ್ತು. ಓದಿ ಹೇಳ್ಲೇನ್ರೀ?" ಅಂತ ಅವಳೇ ಕೇಳಿದಳು.

ಹೇಳು ಅಂದಿದ್ದರೆ ನನ್ನ ಮೂರು ವಾರ ಉಳಿಯುತ್ತಿತ್ತು. ಬೇಡ ಅಂದೆ. ಯಾರು ಎಷ್ಟೇ ಅಳುತ್ತಾ ಕೇಳಿದರೂ ಹೇಳಬೇಡಮ್ಮ, ಅಪ್ಪನ ನಂಬರು ಅಂದರೂ ಹೇಳಬೇಡ ಅಂದೆ. ಅವಳು ಒಳ್ಳೆಯವಳು, ಸರಿ. ಆದರೆ ಅದೇ ನಂಬರು ಇನ್ನೊಬ್ಬರ ಕೈಗೆ ಹೋಗಿದ್ದರೆ? ನನ್ನ ಖಾತೆಯ ಬೀಗದ ಕೈ ಮೂರು ವರ್ಷದಿಂದ ನನಗೆ ಗೊತ್ತೇ ಇಲ್ಲದವರ ಜೇಬಿನಲ್ಲಿತ್ತು. ಕ್ಯಾಲಿಫೋರ್ನಿಯಾದಲ್ಲಿ ಆರು ವರ್ಷ ನಾನು ಮಾಡಿದ ಕೆಲಸವೇ ಇದು: ಪಾಸ್‌ವರ್ಡ್ ಮರೆತವರು, ಫೋನ್ ಕಳೆದುಕೊಂಡವರು ತಮ್ಮ ಖಾತೆಗೆ ಹೇಗೆ ವಾಪಸ್ ಬರಬೇಕು ಅಂತ ಬರೆಯುವ ತಂಡ ನಮ್ಮದು. ಫೋನ್ ನಂಬರ್ ಅಂದರೆ ಮನುಷ್ಯ ಅಂತ ನಂಬಿಕೊಂಡು ನಾವೆಲ್ಲ ಕೋಡ್ ಬರೆಯುತ್ತೇವೆ. ಮನುಷ್ಯ ಹೋಗುತ್ತಾನೆ, ನಂಬರು ಇನ್ನೊಬ್ಬರ ಮನೆ ಸೇರುತ್ತದೆ. ಅಲ್ಲಿ ಎಷ್ಟೋ ಸಭೆಯಲ್ಲಿ ಈ ಮಾತು ಬಂದು ಹೋಗಿದೆ. ಅಂದು ರಾತ್ರಿ ಅದು ನನ್ನ ಮನೆಯ ಮಾತಾಯಿತು.

ಆಧಾರ್‌ನಲ್ಲಿ ನಂಬರ್ ಬದಲಿಸಲು ಕೇಂದ್ರಕ್ಕೆ ಖುದ್ದಾಗಿ ಹೋದೆ. ಅದಕ್ಕೆ ದಾಖಲೆ ಏನೂ ಬೇಡ, ಬೆರಳು ಅಥವಾ ಕಣ್ಣು ಹೊಂದಿಕೆಯಾದರೆ ಸಾಕು. ನಾನು ಕೊಟ್ಟಿದ್ದು 50 ರೂಪಾಯಿ. 2025ರ ಅಕ್ಟೋಬರ್ 1ರಿಂದ ಅದು 75 ಆಗಿದೆ. ಮೊದಲ ದಿನ ಎಂಟೂವರೆಗೆ ಹೋದರೆ ಟೋಕನ್ ಮುಗಿದಿತ್ತು. ಎರಡನೇ ದಿನ ಏಳಕ್ಕೇ ಹೋದೆ. ಹನ್ನೆರಡರವರೆಗೆ ಕಾದೆ.

ಆ ಐದು ಗಂಟೆ ನನ್ನ ಪಕ್ಕ ಕೂತಿದ್ದವರು ಚಾಮರಾಜಪೇಟೆಯ ಒಬ್ಬ ಅಮ್ಮ. ಮೂರು ಮನೆಯಲ್ಲಿ ಪಾತ್ರೆ ತೊಳೆಯುತ್ತಾರೆ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಲ್ಲಿ ಇನ್ನೊಂದು, ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿಲ್ಲ. ಅವತ್ತಿನ ಕೆಲಸಕ್ಕೆ ರಜೆ ಹೇಳಿ ಬಂದಿದ್ದರು, ಅದು ಅವರಿಗೆ ನಾಲ್ಕನೇ ಸಲ. ಅವರ ಬೆರಳಿನ ಗೆರೆ ಯಂತ್ರಕ್ಕೆ ಸಿಗುತ್ತಿರಲಿಲ್ಲ, ಸೋಪು ತಿಂದುಹಾಕಿತ್ತು. ಕೌಂಟರಿನ ಹುಡುಗಿ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿ, ಮತ್ತೆ ಮತ್ತೆ ಇಡಿಸಿ, ಕೊನೆಗೆ ಕಣ್ಣಿನಲ್ಲಿ ಹೊಂದಿಸಿದಳು. ಸಾಲಲ್ಲಿ ಅರವತ್ತು ಜನ ಇದ್ದರೂ ಅವಳು ಆ ಅಮ್ಮನನ್ನು ಎಬ್ಬಿಸಲಿಲ್ಲ. ನಮ್ಮ ತಂಡದಲ್ಲಿ ಇಂಥವರನ್ನು "ಸಣ್ಣ ಭಾಗ" ಅನ್ನುತ್ತಿದ್ದೆವು. ಉಳಿದ ದೊಡ್ಡ ಭಾಗಕ್ಕೆ ಎಲ್ಲ ಸರಿಯಾಗಿ ನಡೆದರೆ ಕೆಲಸ ಗೆದ್ದಂತೆ. ನಾನು ಬಡ್ತಿ ಪಡೆದದ್ದು ಆ ದೊಡ್ಡ ಭಾಗದ ಅಂಕಿ ತೋರಿಸಿ. ಇನ್ನು ಮುಂದೆ ಹಾಗೆ ಲೆಕ್ಕ ಹಾಕಲು ನನ್ನಿಂದ ಆಗಲ್ಲ. ಬೆಂಗಳೂರಿನ ಆಫೀಸಿನಲ್ಲಿ ಮೊದಲ ತಿಂಗಳೇ ಅದನ್ನು ಹೇಳಿದ್ದೇನೆ. ಇನ್ನೊಬ್ಬರ ಕೈಗೆ ಹೋದ ನಂಬರನ್ನು ಹೇಗೆ ಗುರುತಿಸುವುದು ಅನ್ನೋದೇ ಈಗ ನನ್ನ ಕೆಲಸ.

ಕೇಂದ್ರದಲ್ಲಿ ಕೊಟ್ಟ ಚೀಟಿಯಲ್ಲಿ 30 ದಿನದವರೆಗೆ ಹಿಡಿಯಬಹುದು ಅಂತಿತ್ತು. ಐದನೇ ದಿನಕ್ಕೇ ಆಯಿತು. ಬ್ಯಾಂಕಿನಲ್ಲಿ ಮಾತ್ರ ನಾಲ್ಕು ಸಲ ಓಡಾಡಬೇಕಾಯಿತು. ಅದಕ್ಕೆ ಕಾರಣ ನನ್ನ ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ, ಪ್ಯಾನ್‌ನಲ್ಲಿ ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಒಪ್ಪಲ್ಲ, ಹಾಗಾಗಿ ಅಪ್ಪನ ಹೆಸರೇ ಸರ್‌ನೇಮ್ ಆಯಿತು. ಆಧಾರ್‌ನಲ್ಲಿ ಪಾಸ್‌ಪೋರ್ಟ್‌ನ ಹಾಗೆ. ನಮ್ಮ ಕಡೆಯ ಎಷ್ಟು ಜನರದ್ದು ಇದೇ ಕಥೆ! ಅಲ್ಲಿ ಹದಿನೈದು ವರ್ಷ ಆಸ್ಪತ್ರೆಯಲ್ಲಿ, ವಿಮಾನ ನಿಲ್ದಾಣದಲ್ಲಿ ನನ್ನನ್ನು ಅಪ್ಪನ ಹೆಸರಲ್ಲೇ ಕೂಗುತ್ತಿದ್ದರು. ಇಲ್ಲಿ ಅದೇ ಹೆಸರು ಹೊಂದಿಕೆಯಾಗದೆ ಪ್ಯಾನ್ ಮತ್ತು ಆಧಾರ್ ಜೋಡಣೆ ಆಗಲಿಲ್ಲ. ಅನಿವಾಸಿಗಳಿಗೆ ಆ ಜೋಡಣೆಯಿಂದ ವಿನಾಯಿತಿ ಇತ್ತು, ಆದರೆ ನಾನು ಅನಿವಾಸಿ ಅಂತ ತೆರಿಗೆ ಇಲಾಖೆಗೆ ತಿಳಿಸಿರಲಿಲ್ಲ. ಹಾಗಾಗಿ 2023ರ ಜುಲೈಯಿಂದ ನನ್ನ ಪ್ಯಾನ್ ನಿಷ್ಕ್ರಿಯ. ಹಾಗಿದ್ದರೆ ಬ್ಯಾಂಕಿನ ಬಡ್ಡಿಯ ಮೇಲೆ ಶೇಕಡಾ 10ರ ಬದಲು 20 ಕಡಿತ ಮಾಡುತ್ತಾರೆ. ಮೊದಲು 107 ರೂಪಾಯಿ ಕಟ್ಟಿ ಪ್ಯಾನ್‌ನಲ್ಲಿ ಹೆಸರು ತಿದ್ದಿಸಿದೆ, ಆಮೇಲೆ 1,000 ರೂಪಾಯಿ ಕಟ್ಟಿ ಜೋಡಿಸಿದೆ. ನೀವು ಅಲ್ಲಿದ್ದಾಗಲೇ ಎಲ್ಲ ಕಾಗದ ಮೇಜಿನ ಮೇಲೆ ಹರಡಿಕೊಂಡು ಹೆಸರಿನ ಒಂದೊಂದು ಅಕ್ಷರ ಹೋಲಿಸಿ ನೋಡಿ. ಒಂದು ಚುಕ್ಕೆಗೂ ಬೆಲೆ ಇದೆ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಉಳಿದದ್ದನ್ನು ಒಳ್ಳೆಯ ಸಿಎ ಹತ್ತಿರ ಕೇಳಿ. ಇಲ್ಲೇ ಇರಲು ಬಂದ ಮೇಲೆ ಅನಿವಾಸಿಗಳಿಗಾಗಿ ಇರುವ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳನ್ನು ನಿವಾಸಿ ಖಾತೆಯಾಗಿ ಬದಲಿಸಬೇಕು. ಡಾಲರ್ ಆಗಿಯೇ ಇಡಬೇಕೆಂದರೆ ಆರ್‌ಎಫ್‌ಸಿ ಖಾತೆ ಇದೆ. ನನ್ನಷ್ಟು ವರ್ಷ ಹೊರಗಿದ್ದವರಿಗೆ ಮೊದಲ ಎರಡು ವರ್ಷವಾದರೂ ಆರ್‌ಎನ್‌ಒಆರ್ ಸ್ಥಿತಿ, ಅಂದರೆ ಇಲ್ಲಿದ್ದರೂ ತೆರಿಗೆಯ ಲೆಕ್ಕಕ್ಕೆ ಪೂರ್ತಿ ನಿವಾಸಿ ಅಲ್ಲದ ಸ್ಥಿತಿ ಸಿಗುತ್ತದೆ. ಆ ಅವಧಿಯಲ್ಲಿ ಅಲ್ಲಿನ ಬಡ್ಡಿ, ಷೇರಿನ ಲಾಭಕ್ಕೆ ಇಲ್ಲಿ ತೆರಿಗೆ ಬೀಳಲ್ಲ, ಹಾಗಾಗಿ ಮಾರುವುದಿದ್ದರೆ ಆಗಲೇ ಮಾರಿ. ಅದು ಮುಗಿದ ಮೇಲೆ ಹೊರಗಿರುವ ಪ್ರತಿ ಖಾತೆಯನ್ನೂ ರಿಟರ್ನ್‌ನಲ್ಲಿ ತೋರಿಸಬೇಕು. ಅಮೆರಿಕದ ಪ್ರಜೆಯಾದ ಮಗುವಿನ ಹೆಸರಲ್ಲಿ ಇಲ್ಲಿ ಇಡುವ ಹಣ ಎಲ್ಲ ಖಾತೆ ಸೇರಿ 10,000 ಡಾಲರ್ ದಾಟಿದರೆ ಆ ವರ್ಷದ ವರದಿಯನ್ನು ಅಲ್ಲಿಗೆ ಕೊಡಬೇಕು. ಅಜ್ಜಿ ಪ್ರೀತಿಯಿಂದ ಮೊಮ್ಮಗಳ ಹೆಸರಿಗೆ ಎಫ್‌ಡಿ ಇಡುವ ಮುಂಚೆ ಇದು ನೆನಪಿರಲಿ.

ಬಂದ ನಲವತ್ತೊಂದನೇ ದಿನ ಯುಪಿಐ ಶುರುವಾಯಿತು. ಮೊದಲು ದುಡ್ಡು ಕೊಟ್ಟಿದ್ದು ಗಾಂಧಿ ಬಜಾರ್‌ನ ಅದೇ ಹೂವಿನವರಿಗೆ, 40 ರೂಪಾಯಿ.

ಮಗಳ ವಿಷಯ ಇನ್ನೂ ಉಳಿದಿತ್ತು. ಶಾಲೆಯವರು ಆಧಾರ್ ಕೇಳಿದರು. ಒಸಿಐ ಇರುವವರು ಇಲ್ಲಿ 182 ದಿನ ಇದ್ದ ಮೇಲೆಯೇ ಆಧಾರ್‌ಗೆ ಅರ್ಜಿ ಹಾಕಬಹುದು. ಅದನ್ನು ಬರೆದು ಮುಚ್ಚಳಿಕೆ ಕೊಟ್ಟೆವು, ನಾಲ್ಕನೇ ತರಗತಿಗೆ ಸೇರಿಸಿಕೊಂಡರು. ಕರ್ನಾಟಕದಲ್ಲಿ ಯಾವ ಬೋರ್ಡಿನ ಶಾಲೆಯಾದರೂ ಕನ್ನಡ ಕಲಿಯಲೇಬೇಕು. ಅದರ ಬಗ್ಗೆ ಹೆದರಬೇಡಿ. ಅವಳಿಗೆ ಮಾತು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಸಂಜೆ ಅಜ್ಜಿ ಕಾಗುಣಿತ ಬರೆಸುತ್ತಾರೆ. ಮೊದಲ ಎರಡು ತಿಂಗಳು ಅವಳು ರಾತ್ರಿ ಅಳುತ್ತಿದ್ದಳು, ಗೆಳತಿಯರು ಬೇಕು ಅಂತ. ಆಗೆಲ್ಲ ನಾನು ತಪ್ಪು ಮಾಡಿದೆನಾ ಅಂತ ಅನ್ನಿಸಿದ್ದು ನಿಜ.

ಡಿಸೆಂಬರ್‌ನಲ್ಲಿ 182 ದಿನ ತುಂಬಿತು. ಮೊದಲು ಹೋದ ಕೇಂದ್ರದಲ್ಲಿ ಒಸಿಐ ಅರ್ಜಿ ಇಲ್ಲಿ ಆಗಲ್ಲ ಅಂದರು. ಇನ್ನೊಂದರಲ್ಲಿ ಆಯಿತು. ಅವಳ ಪಾಸ್‌ಪೋರ್ಟ್, ಒಸಿಐ, ನಮ್ಮ ಆಧಾರ್ ಎಲ್ಲದರ ಮೂಲ ಪ್ರತಿ ಒಯ್ದಿರಿ. ಹೊಸ ನೋಂದಣಿಗೆ ಶುಲ್ಕ ಇಲ್ಲ. ಒಸಿಐನವರ ಆಧಾರ್‌ಗೆ 10 ವರ್ಷದ ಅವಧಿ ಇರುತ್ತದೆ, ಗುರುತು ಹಾಕಿಟ್ಟುಕೊಳ್ಳಿ.

ಕೊನೆಗೆ ಕೌಂಟರಿನವರು, "ಮೊಬೈಲ್ ನಂಬರ್ ಹೇಳಿ ಮೇಡಂ" ಅಂದರು. ಒಂದು ಕ್ಷಣ ಬಾಯಿಗೆ ಬಂದಿದ್ದು ಅಪ್ಪನ ನಂಬರೇ. ಆಮೇಲೆ ನನ್ನದನ್ನು ಹೇಳಿದೆ.

ನಾನು ಚಿಕ್ಕವಳಿದ್ದಾಗ ಕಡಲೆಕಾಯಿ ಪರಿಷೆಗೆ ಹೊರಡುವ ಮುಂಚೆ ಅಪ್ಪ ಬಾಗಿಲಲ್ಲೇ ನಿಲ್ಲಿಸಿ ಮನೆಯ ಫೋನ್ ನಂಬರ್ ಹೇಳಿಸುತ್ತಿದ್ದರು. ಜನರ ಮಧ್ಯೆ ಕೈ ತಪ್ಪಿದರೆ ಯಾರಿಗಾದರೂ ಹೇಳು ಅಂತ. ಅವತ್ತು ಆಟೊದಲ್ಲಿ ವಾಪಸ್ ಬರುವಾಗ ಮಗಳಿಗೆ ನನ್ನ ನಂಬರನ್ನು ಕನ್ನಡದಲ್ಲೇ ಹೇಳಿಕೊಟ್ಟೆ. ಏಳು, ಎಂಟು ಅನ್ನುವಾಗ ಎರಡು ಸಲ ಅದಲುಬದಲು ಮಾಡಿದಳು. ರಾಮಕೃಷ್ಣ ಆಶ್ರಮದ ಸಿಗ್ನಲ್ ಹತ್ತಿರ ಮತ್ತೆ ಶುರುವಿನಿಂದ ಹೇಳಿದಳು. ಮನೆ ಬರುವಷ್ಟರಲ್ಲಿ ಹತ್ತೂ ಅಂಕಿ ಬಾಯಿಗೆ ಬಂದಿತ್ತು.